ಸ್ಟ್ರಿಂಗ್ ಕ್ವಾರ್ಟೆಟ್ ನುಡಿಸಿಯೇ ಬದುಕುವವರು ಎಲ್ಲಿಂದ ಬರುತ್ತಾರೆ, ಅವರ ಸಂಪಾದನೆ ಹೇಗೆ?

ಓದುಮೇಜು (ಪ್ರಶ್ನೆ)

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಓದುತ್ತಿರುವ, ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳಿಗಾಗಿ ಒಂದು ಮಾಹಿತಿ ಬರಹ ಸಿದ್ಧಪಡಿಸುತ್ತಿದ್ದೇನೆ. ಆರ್ಕೆಸ್ಟ್ರಾ ಕೆಲಸ ಸಿಗುವ ಬಗೆ ಎಲ್ಲರಿಗೂ ಗೊತ್ತು: ಜಾಹೀರಾತು, ಪರದೆಯ ಹಿಂದೆ ಆಡಿಷನ್, ಸಂಬಳ. ಚೇಂಬರ್ ಸಂಗೀತದ, ಅಂದರೆ ಕೆಲವೇ ವಾದಕರ ಸಣ್ಣ ತಂಡಗಳು ನುಡಿಸುವ ಸಂಗೀತದ, ದಾರಿ ಮಾತ್ರ ಹೊರಗಿನವರಿಗೆ ಕಾಣುವುದೇ ಇಲ್ಲ. ತಂಡಗಳ ಪರಿಚಯಪತ್ರ ತೆಗೆದು ನೋಡಿದರೆ ಎಲ್ಲವೂ ಒಂದೇ ಅಚ್ಚು. ಇಂಥವರ ಶಿಷ್ಯರು, ಇಂಥ ಸ್ಪರ್ಧೆ ಗೆದ್ದವರು, ಇಂಥ ಸಭಾಂಗಣಗಳಲ್ಲಿ ನುಡಿಸಿದವರು. ತಿಂಗಳ ಖರ್ಚು ಎಲ್ಲಿಂದ ನಡೆಯುತ್ತದೆ ಅನ್ನುವುದು ಯಾವುದರಲ್ಲೂ ಇರುವುದಿಲ್ಲ.

ತಿಳಿದವರು ಇಷ್ಟು ಹೇಳಿದರೆ ಸಾಕು. ವೃತ್ತಿಪರ ಕ್ವಾರ್ಟೆಟ್ (ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ಒಂದು, ಚೆಲ್ಲೊ ಒಂದು) ಅಥವಾ ಟ್ರಿಯೊ (ಮೂವರ ತಂಡ) ಸದಸ್ಯರ ಹಿನ್ನೆಲೆ ಸಾಮಾನ್ಯವಾಗಿ ಏನು? ಓದು ಮುಗಿದ ಮೇಲಿನ ಮೊದಲ ಐದು ವರ್ಷ ಹೇಗೆ ಸಾಗುತ್ತದೆ? ಹಣ ಎಲ್ಲಿಂದ? ತಂಡಗಳು ಒಡೆಯುವುದು ಯಾತಕ್ಕೆ?

ಒಳದನಿ

ಹಿನ್ನೆಲೆಯ ವಿಚಾರ ನಾನು ಹೇಳುತ್ತೇನೆ, ಹಣದ ವಿಚಾರ ಬಲ್ಲವರು ಮುಂದೆ ಬರೆಯಲಿ.

ಇವತ್ತಿನ ಬಹುಪಾಲು ಕ್ವಾರ್ಟೆಟ್‌ಗಳು ಸಹಪಾಠಿಗಳ ತಂಡಗಳು. ತಕಾಚ್ ಕ್ವಾರ್ಟೆಟ್ 1975ರಲ್ಲಿ ಬುಡಾಪೆಸ್ಟಿನ ಲಿಸ್ಟ್ ಅಕಾಡೆಮಿಯ ನಾಲ್ವರು ವಿದ್ಯಾರ್ಥಿಗಳು ಕಟ್ಟಿದ್ದು. ಎಮರ್ಸನ್ 1976ರಲ್ಲಿ ಜೂಲಿಯರ್ಡ್ ಶಾಲೆಯಿಂದ, ಬೆಲ್ಚಾ 1994ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಿಂದ ಹೊರಟವು. ಟೋಕಿಯೊ ಕ್ವಾರ್ಟೆಟ್ 1969ರಲ್ಲಿ ಹುಟ್ಟಿದ್ದು ನ್ಯೂಯಾರ್ಕಿನಲ್ಲಾದರೂ ಬೇರು ಇದ್ದದ್ದು ಟೋಕಿಯೊದ ತೋಹೊ ಶಾಲೆಯಲ್ಲಿ. ಮರುವರ್ಷವೇ ಅದು ಮ್ಯೂನಿಕ್‌ನ ಎಆರ್‌ಡಿ ಸ್ಪರ್ಧೆ ಗೆದ್ದಿತು. ಹೀಗೆ ಎಳವೆಯಲ್ಲೇ ಸೇರಿದವರಿಗೆ ಒಂದು ದೊಡ್ಡ ಲಾಭವಿದೆ. ಕಮಾನು ಹಿಡಿಯುವ ರೀತಿ, ಕಂಪನದ (ವೈಬ್ರಾಟೊ) ವೇಗ, ಸ್ವರಕ್ಕೆ ಬರುವ ಬಗೆ ಇನ್ನೂ ಗಟ್ಟಿಯಾಗುವ ಮೊದಲೇ ಒಬ್ಬರಿಗೊಬ್ಬರು ಹೊಂದಿಕೊಂಡಿರುತ್ತಾರೆ. ಮೂವತ್ತು ದಾಟಿದ ನಾಲ್ವರು ಒಳ್ಳೆಯ ವಾದಕರನ್ನು ಒಟ್ಟು ಕೂರಿಸಿದರೆ ಮೊದಲ ದಿನ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಎರಡನೇ ವರ್ಷಕ್ಕೂ ಅಷ್ಟರಲ್ಲೇ ನಿಂತಿರುವ ಸಂಭವ ಹೆಚ್ಚು.

ಎರಡನೆಯದು ಆರ್ಕೆಸ್ಟ್ರಾದಿಂದ ಹೊರಬರುವ ದಾರಿ. ಬುಡಾಪೆಸ್ಟ್ ಕ್ವಾರ್ಟೆಟ್ 1917ರಲ್ಲಿ ಅಲ್ಲಿನ ಒಪೆರಾ ಆರ್ಕೆಸ್ಟ್ರಾ ಸದಸ್ಯರು ಶುರು ಮಾಡಿದ್ದು. 1964ರಲ್ಲಿ ವರ್ಮಾಂಟ್‌ನ ಮಾರ್ಲ್‌ಬರೊ ಉತ್ಸವದಲ್ಲಿ ರೂಪುಗೊಂಡ ಗ್ವಾರ್ನೆರಿ ಕ್ವಾರ್ಟೆಟ್‌ನ ಮೊದಲ ಪಿಟೀಲು ಆರ್ನಲ್ಡ್ ಸ್ಟೈನ್‌ಹಾರ್ಟ್ ಅದಕ್ಕೆ ಮುಂಚೆ ಕ್ಲೀವ್‌ಲೆಂಡ್ ಆರ್ಕೆಸ್ಟ್ರಾದಲ್ಲಿ ಜಾರ್ಜ್ ಸೆಲ್ ಕೈಕೆಳಗೆ ಸಹಾಯಕ ಕನ್ಸರ್ಟ್‌ಮಾಸ್ಟರ್ (ಪಿಟೀಲು ಸಾಲಿನ ಮುಂದಾಳುವಿನ ಸಹಾಯಕ) ಆಗಿದ್ದವರು. ಕೈಯಲ್ಲಿರುವ ಸಂಬಳ ಬಿಟ್ಟು ಬರಬೇಕಾದ್ದರಿಂದ ಈ ದಾರಿ ಹಿಡಿಯುವವರು ಈಗ ಕಡಿಮೆ.

ಮನೆಯಿಂದಲೇ ಬಂದ ತಂಡಗಳೂ ಇವೆ. ಸಾಲ್ಸ್‌ಬರ್ಗಿನ ಹಾಗನ್ ಕ್ವಾರ್ಟೆಟ್ ಮೊದಲು ನಾಲ್ವರು ಒಡಹುಟ್ಟಿದವರದ್ದು. ಇನ್ನು ಅಮಡೇಯಸ್ ಕ್ವಾರ್ಟೆಟ್‌ನ ಹಿನ್ನೆಲೆಗೆ ಜೊತೆಯಿಲ್ಲ. ನಾರ್ಬರ್ಟ್ ಬ್ರೈನಿನ್, ಸೀಗ್ಮಂಡ್ ನಿಸೆಲ್, ಪೀಟರ್ ಶಿಡ್ಲೋಫ್ ಮೂವರೂ ವಿಯೆನ್ನಾದಿಂದ ಬ್ರಿಟನ್ನಿಗೆ ಓಡಿಬಂದ ಯಹೂದಿ ನಿರಾಶ್ರಿತರು. ಯುದ್ಧಕಾಲದಲ್ಲಿ ಶತ್ರುದೇಶದವರೆಂದು ಕೂಡಿಹಾಕಿದ ಶಿಬಿರಗಳಲ್ಲಿ ಪರಸ್ಪರ ಪರಿಚಯವಾದವರು. ಇಂಗ್ಲಿಷ್ ಚೆಲ್ಲೊ ವಾದಕ ಮಾರ್ಟಿನ್ ಲವೆಟ್ ಸೇರಿ 1948ರ ಜನವರಿಯಲ್ಲಿ ಆ ಹೆಸರಿನಲ್ಲಿ ವಿಗ್ಮೋರ್ ಹಾಲ್‌ನಲ್ಲಿ ಮೊದಲ ಕಚೇರಿ ಕೊಟ್ಟರು. 1987ರಲ್ಲಿ ಶಿಡ್ಲೋಫ್ ತೀರಿಕೊಂಡಾಗ ಬದಲಿಗೆ ಯಾರನ್ನೂ ತೆಗೆದುಕೊಳ್ಳದೆ ತಂಡವನ್ನೇ ನಿಲ್ಲಿಸಿದರು.

ಶಿಡ್ಲೋಫ್ ಮೂಲತಃ ಪಿಟೀಲು ಕಲಿತವರು, ಕ್ವಾರ್ಟೆಟ್‌ಗಾಗಿ ವಿಯೋಲಾ ಹಿಡಿದರು. ಗ್ವಾರ್ನೆರಿಯ ಮೈಕಲ್ ಟ್ರೀ ಕೂಡ ಹಾಗೆಯೇ. ಪಿಟೀಲು ನಾಲ್ಕರಿಂದ ಏಳನೇ ವಯಸ್ಸಿನೊಳಗೆ, ಚೆಲ್ಲೊ ಅದೇ ವಯಸ್ಸಿಗೆ ಅಥವಾ ಸ್ವಲ್ಪ ತಡವಾಗಿ ಶುರುವಾಗುತ್ತದೆ. ವಿಯೋಲಾಗೆ ಮಾತ್ರ ಬಹಳಷ್ಟು ಜನ ಹದಿಹರೆಯದಲ್ಲಿ, ತೋಳು ಉದ್ದವಾದ ಮೇಲೆ, ಪಿಟೀಲಿನಿಂದ ದಾಟಿಕೊಳ್ಳುತ್ತಾರೆ. ನಿಮ್ಮ ಓದುಗರಲ್ಲಿ ಪಿಟೀಲಿನವರು ಹೆಚ್ಚಿದ್ದರೆ ಇದನ್ನು ಖಂಡಿತ ಬರೆಯಿರಿ. ಒಳ್ಳೆಯ ವಿಯೋಲಾ ವಾದಕರಿಗೆ ತಂಡಗಳು ಯಾವಾಗಲೂ ಹುಡುಕುತ್ತಿರುತ್ತವೆ, ಮೊದಲ ಪಿಟೀಲಿನ ಜಾಗಕ್ಕೆ ಸಾಲು ನಿಂತಿರುತ್ತದೆ.

ಪರಿಚಯಪತ್ರದಲ್ಲಿ ಗುರುಗಳ ಹೆಸರು ಬರುವುದು ಬರೀ ಅಲಂಕಾರಕ್ಕಲ್ಲ. ಈ ವಿದ್ಯೆ ತಂಡದಿಂದ ತಂಡಕ್ಕೆ ಹೋಗುತ್ತದೆ. ಸಿನ್ಸಿನಾಟಿಯಲ್ಲಿದ್ದ ಲಾಸಾಲ್ ಕ್ವಾರ್ಟೆಟ್ ಬಳಿ ಆಲ್ಬನ್ ಬರ್ಗ್ ಕ್ವಾರ್ಟೆಟ್ ಕಲಿತಿತು, ಆಲ್ಬನ್ ಬರ್ಗ್ ಬಳಿ ಬೆಲ್ಚಾ ಕಲಿತಿತು. 2001ರಲ್ಲಿ ಗ್ವಾರ್ನೆರಿಯ ಡೇವಿಡ್ ಸಾಯರ್ ನಿವೃತ್ತರಾದಾಗ ಚೆಲ್ಲೊ ಕುರ್ಚಿಗೆ ಬಂದದ್ದು ಅವರದೇ ಶಿಷ್ಯ ಪೀಟರ್ ವೈಲಿ.

ಮೊದಲ ಐದು ವರ್ಷದ ಸಾಮಾನ್ಯ ನಕ್ಷೆ ಹೀಗೆ. ಪದವಿಯ ಕೊನೆಯಲ್ಲಿ ಅಥವಾ ಸ್ನಾತಕೋತ್ತರದಲ್ಲಿ ತಂಡ ಕೂಡುತ್ತದೆ. ಆಮೇಲೆ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಯುವ ಕ್ವಾರ್ಟೆಟ್‌ಗೆಂದೇ ಇರುವ ರೆಸಿಡೆನ್ಸಿಗೆ ಅರ್ಜಿ, ಅದು ಹೆಚ್ಚಾಗಿ ಎರಡು ವರ್ಷ. ಶುಲ್ಕ ಮನ್ನಾ, ಸಣ್ಣ ಭತ್ಯೆ, ವಾರವಾರ ಹಿರಿಯ ತಂಡದ ಪಾಠ. ಪ್ರತಿಯಾಗಿ ಕಿರಿಯ ವಿದ್ಯಾರ್ಥಿಗಳ ಚೇಂಬರ್ ಗುಂಪುಗಳಿಗೆ ಪಾಠ ಹೇಳಬೇಕು, ಸಂಯೋಜನೆ ಓದುವವರ ಹೊಸ ಕೃತಿಗಳನ್ನು ನುಡಿಸಿಕೊಡಬೇಕು. ಯುರೋಪಿನಲ್ಲಿ ಇದೇ ಕೆಲಸವನ್ನು ಯುರೋಪಿಯನ್ ಚೇಂಬರ್ ಮ್ಯೂಸಿಕ್ ಅಕಾಡೆಮಿ ಬೇರೆ ಬೇರೆ ಊರುಗಳಲ್ಲಿ ಶಿಬಿರ ನಡೆಸಿ ಮಾಡುತ್ತದೆ. ಆಲ್ಬನ್ ಬರ್ಗ್‌ನ ಮೊದಲ ವಿಯೋಲಾ ವಾದಕ ಹಾಟ್ಟೊ ಬೇಯರ್ಲೆ 2004ರಲ್ಲಿ ಕಟ್ಟಿದ ಸಂಸ್ಥೆ ಅದು. ಈ ಎರಡು ವರ್ಷಗಳಲ್ಲಿ ತಂಡ 12ರಿಂದ 15 ಕೃತಿಗಳನ್ನು ವೇದಿಕೆಗೆ ತರುವಷ್ಟು ಗಟ್ಟಿ ಮಾಡಿಕೊಳ್ಳಬೇಕು. ಆಗದಿದ್ದರೆ ಸ್ಪರ್ಧೆಯ ಮಾತೇ ಬೇಡ.

ಲೆಕ್ಕಪುಸ್ತಕ

ಹಣದ ವಿಚಾರ. ಮೊದಲು ಒಂದು ಮಾತು ಒಪ್ಪಿಕೊಂಡರೆ ಉಳಿದದ್ದು ಅರ್ಥವಾಗುತ್ತದೆ: ಕಚೇರಿಗಳ ಸಂಭಾವನೆಯೊಂದರಿಂದಲೇ ಬದುಕುವ ತಂಡಗಳು ಬೆರಳೆಣಿಕೆಯಷ್ಟು. ಉಳಿದವರಿಗೆ ಕಚೇರಿ ಹೆಸರು ತರುತ್ತದೆ, ಆ ಹೆಸರು ಬೋಧನೆಯ ಹುದ್ದೆ ತರುತ್ತದೆ, ಹುದ್ದೆ ಊಟ ಹಾಕುತ್ತದೆ.

ಒಂದು ಕಚೇರಿಯ ಸಂಭಾವನೆ 100 ಎಂದಿಟ್ಟುಕೊಳ್ಳಿ, ಪ್ರಯಾಣ ವಸತಿ ಎಲ್ಲ ಅದರಲ್ಲೇ ಸೇರಿದೆ. ಏಜೆಂಟರ ಕಮಿಷನ್ ಸಾಮಾನ್ಯವಾಗಿ 15ರಿಂದ 20, ಇಲ್ಲಿ 20 ಹಿಡಿಯೋಣ. ಕಮಿಷನ್ ಲೆಕ್ಕ ಹಾಕುವುದು ಒಟ್ಟು ಮೊತ್ತದ ಮೇಲೆ, ಖರ್ಚು ಕಳೆದ ಮೇಲಲ್ಲ. ಹೊಸಬರು ಎಡವುವುದು ಇಲ್ಲೇ. ಉಳಿದದ್ದು 80. ವಿಮಾನಕ್ಕೆ ನಾಲ್ವರಿಗೆ ಐದು ಟಿಕೆಟ್, ಚೆಲ್ಲೊಗೂ ಒಂದು ಸೀಟು ಬೇಕಲ್ಲ. ಅದಕ್ಕೆ 25 ಹೋದರೆ 55. ಎರಡು ರಾತ್ರಿ ನಾಲ್ಕು ಕೋಣೆ, ಊಟ ಸೇರಿ 12. ಉಳಿದದ್ದು 43. ಕಚೇರಿ ಜರ್ಮನಿಯಲ್ಲಿದ್ದು ತಂಡ ಹೊರದೇಶದ್ದಾದರೆ ಆಯೋಜಕರು 15 ಶೇಕಡಾ ತೆರಿಗೆ, ಅದರ ಮೇಲೆ ಸಾಲಿಡಾರಿಟಿ ಸರ್‌ಚಾರ್ಜ್ ಎಂಬ ಹೆಚ್ಚುವರಿ ತೆರಿಗೆ, ಒಟ್ಟು 15.825 ಶೇಕಡಾ ಮೂಲದಲ್ಲೇ ಹಿಡಿಯುತ್ತಾರೆ. ಅದೂ ಪೂರ್ತಿ 100ರ ಮೇಲೆ. ಕೈಗೆ ಬಂದದ್ದು 27. ನಾಲ್ಕು ಪಾಲು ಮಾಡಿದರೆ ತಲೆಗೆ 7ಕ್ಕೂ ಕಡಿಮೆ. ಇದರಲ್ಲಿ ತಂತಿ, ಕಮಾನಿನ ಕೂದಲು ಬದಲಾವಣೆ, ವಾದ್ಯದ ವಿಮೆ ಇನ್ನೂ ಸೇರಿಲ್ಲ.

ಅಮೆರಿಕದಲ್ಲಿ ಹೊರದೇಶದ ಕಲಾವಿದರಿಗೆ ಮೂಲದಲ್ಲಿ ಹಿಡಿಯುವ ದರ 30 ಶೇಕಡಾ. ಪ್ರವಾಸಕ್ಕೆ ಮೊದಲೇ ಖರ್ಚುವೆಚ್ಚದ ಅಂದಾಜುಪಟ್ಟಿ ಕೊಟ್ಟು ತೆರಿಗೆ ಇಲಾಖೆಯೊಡನೆ ಸೆಂಟ್ರಲ್ ವಿತ್‌ಹೋಲ್ಡಿಂಗ್ ಒಪ್ಪಂದ ಮಾಡಿಕೊಂಡರೆ ನಿವ್ವಳ ಆದಾಯಕ್ಕೆ ತಕ್ಕಷ್ಟೇ ಕಡಿತವಾಗುತ್ತದೆ. ಯಾವ ದೇಶವಾದರೂ ಸರಿ, ಕಡಿತದ ಪ್ರಮಾಣಪತ್ರವನ್ನು ಆಯೋಜಕರಿಂದ ಕಚೇರಿಯ ವಾರದಲ್ಲೇ ಕೇಳಿ ಇಟ್ಟುಕೊಳ್ಳಿ. ಸ್ವದೇಶದಲ್ಲಿ ತೆರಿಗೆ ಹೊಂದಿಸಿಕೊಳ್ಳಲು ಅದೇ ಆಧಾರ. ಒಂದು ವರ್ಷ ಬಿಟ್ಟು ಕೇಳಿದರೆ ಲೆಕ್ಕ ನೋಡುವವರೇ ಬದಲಾಗಿರುತ್ತಾರೆ.

ಮೇಲಿನ ಲೆಕ್ಕದಲ್ಲಿ ಪ್ರವಾಸ ಒಂದೇ ಕಚೇರಿಯದ್ದು. ಅದೇ ವಿಮಾನಖರ್ಚಿನಲ್ಲಿ ಅಕ್ಕಪಕ್ಕದ ಊರುಗಳಲ್ಲಿ ನಾಲ್ಕು ಕಚೇರಿ ಸಿಕ್ಕರೆ ಚಿತ್ರವೇ ಬದಲು. ಆದ್ದರಿಂದ ಒಳ್ಳೆಯ ಏಜೆಂಟರ ಬೆಲೆ ತಿಳಿಯುವುದು ಒಂದು ದೊಡ್ಡ ಸಭಾಂಗಣ ಕೊಡಿಸುವುದರಲ್ಲಲ್ಲ, ಅದರ ಹಿಂದೆ ಮುಂದೆ ಸಣ್ಣ ಊರುಗಳ ಸಂಗೀತ ಸಭೆಗಳನ್ನು ಜೋಡಿಸುವುದರಲ್ಲಿ. ಆಯೋಜಕರು 18ರಿಂದ 24 ತಿಂಗಳು ಮೊದಲೇ ದಿನ ಗೊತ್ತು ಮಾಡುತ್ತಾರೆ. ಹೀಗಾಗಿ ಇವತ್ತು ಸ್ಪರ್ಧೆ ಗೆದ್ದರೆ ಅದರ ಹಣ ಕಾಣುವುದು ಎರಡು ವರ್ಷದ ಮೇಲೆ. ನಡುವಿನ ಆ ಎರಡು ವರ್ಷವನ್ನು ದಾಟಲಾರದೆ ಮುಗಿದ ತಂಡಗಳು ಬಹಳ.

ಈಗ ಹುದ್ದೆಯ ಮಾತು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 1940ರಿಂದ 1962ರವರೆಗೆ ಬುಡಾಪೆಸ್ಟ್ ಕ್ವಾರ್ಟೆಟ್ಟನ್ನು ತನ್ನ ಆಸ್ಥಾನ ತಂಡವಾಗಿ ಇಟ್ಟುಕೊಂಡಿತ್ತು, ತನ್ನ ಸಂಗ್ರಹದ ಸ್ಟ್ರಾಡಿವೇರಿಯಸ್ ವಾದ್ಯಗಳನ್ನೇ ನುಡಿಸಲು ಕೊಟ್ಟಿತ್ತು. ಇಂದು ಆ ಪಾತ್ರ ವಿಶ್ವವಿದ್ಯಾಲಯಗಳದ್ದು. ತಕಾಚ್ ತಂಡಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯ, 2023ರಲ್ಲಿ ನಿಲ್ಲುವವರೆಗೆ ಎಮರ್ಸನ್‌ಗೆ ಸ್ಟೋನಿ ಬ್ರೂಕ್. ಬೋ ಆರ್ಟ್ಸ್ ಟ್ರಿಯೊದ ಪಿಯಾನೊ ವಾದಕ ಮೆನಾಹೆಮ್ ಪ್ರೆಸ್ಲರ್ 1955ರಲ್ಲಿ ಟ್ರಿಯೊ ಶುರುವಾದ ವರ್ಷವೇ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು. ಟ್ರಿಯೊ 2008ರವರೆಗೆ ನಡೆಯಿತು, ಅದರ ನಂತರವೂ ಅವರ ಪಾಠ ನಿಲ್ಲಲಿಲ್ಲ. ಪೂರ್ಣ ರೆಸಿಡೆನ್ಸಿ ಒಪ್ಪಂದದಲ್ಲಿ ನೋಡಬೇಕಾದದ್ದು ಮೂರು: ವಾರಕ್ಕೆ ಎಷ್ಟು ಗಂಟೆ ಪಾಠ, ಪ್ರವಾಸಕ್ಕೆ ಹೋದಾಗ ತಪ್ಪಿದ ಪಾಠವನ್ನು ಎಷ್ಟು ದಿನದಲ್ಲಿ ತುಂಬಿಕೊಡಬೇಕು, ಒಬ್ಬ ಸದಸ್ಯರು ಬಿಟ್ಟರೆ ಉಳಿದ ಮೂವರ ಹುದ್ದೆ ಏನಾಗುತ್ತದೆ. ಮೂರನೆಯದು ಮುಖ್ಯ. ಕೆಲವು ಕಡೆ ಹುದ್ದೆ ನಾಲ್ವರಿಗೂ ಪ್ರತ್ಯೇಕ, ಕೆಲವು ಕಡೆ ತಂಡಕ್ಕೆ ಒಟ್ಟಾಗಿ.

ಇನ್ನೊಂದು ಮಾದರಿ ಕ್ರೊನೊಸ್ ಕ್ವಾರ್ಟೆಟ್‌ನದ್ದು. 1973ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ತಂಡ, ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿಕೊಂಡು ದೇಣಿಗೆ, ಅನುದಾನಗಳಿಂದ ಹೊಸ ಕೃತಿಗಳನ್ನು ಬರೆಸುತ್ತದೆ. ಹಾಗೆ ಬರೆಸಿದ ಕೃತಿಗಳು, ಅಳವಡಿಸಿಕೊಂಡ ಸಂಗೀತ ಎಲ್ಲ ಸೇರಿ ಸಾವಿರ ದಾಟಿವೆ. ಈ ಮಾದರಿಗೆ ಆಫೀಸು ನಡೆಸಲು ಸಂಬಳದ ಸಿಬ್ಬಂದಿ ಬೇಕು, ನಾಲ್ವರು ವಾದಕರೇ ಅರ್ಜಿ ತುಂಬುತ್ತಾ ಕೂತರೆ ಅಭ್ಯಾಸ ಸಾಯುತ್ತದೆ.

ಜರ್ಮನಿಯಲ್ಲಿ ನೆಲೆಸಿದ ಸ್ವತಂತ್ರ ವಾದಕರಿಗೆ 1983ರಿಂದ ಇರುವ ಕಲಾವಿದರ ಸಾಮಾಜಿಕ ವಿಮಾ ನಿಧಿ ದೊಡ್ಡ ಆಸರೆ. ಆರೋಗ್ಯ ಮತ್ತು ಪಿಂಚಣಿ ವಿಮೆಯ ಅರ್ಧ ಕಂತನ್ನು ಮಾತ್ರ ಕಲಾವಿದರು ಕಟ್ಟುತ್ತಾರೆ. ಬರ್ಲಿನ್ನಿನಂಥ ಊರುಗಳಲ್ಲಿ ಯುವ ತಂಡಗಳು ಬೀಡುಬಿಡಲು ಅಗ್ಗದ ಬಾಡಿಗೆಯ ಹಳೆಯ ಕಾಲದ ಖ್ಯಾತಿಗಿಂತ ಇದೇ ಗಟ್ಟಿ ಕಾರಣ.

ಓದುಮೇಜು

ಇಬ್ಬರಿಗೂ ವಂದನೆ. 100ರ ಲೆಕ್ಕ ಹಾಗೆಯೇ ಬಳಸಿಕೊಳ್ಳುತ್ತೇನೆ. ದಿನದ ಅಭ್ಯಾಸ ಹೇಗಿರುತ್ತದೆ? ನಾಲ್ವರಲ್ಲಿ ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತರೆ ತೀರ್ಮಾನ ಯಾರದು? ಹೊಸ ಸದಸ್ಯರನ್ನು ಆರಿಸುವ ಕ್ರಮವೂ ಬೇಕಿತ್ತು.

ಸಿ_ತಂತಿ

ಪೂರ್ಣಾವಧಿ ತಂಡದ ಅಭ್ಯಾಸ ದಿನಕ್ಕೆ ಮೂರರಿಂದ ನಾಲ್ಕು ಗಂಟೆ, ನಡುವೆ ಒಂದು ಬಿಡುವು. ಅದಕ್ಕಿಂತ ಹೆಚ್ಚಾದರೆ ಕಿವಿ ಸೋಲುತ್ತದೆ, ಕಿವಿ ಸೋತ ಮೇಲೆ ಹೇಳುವ ಟೀಕೆ ಜಗಳಕ್ಕೆ ದಾರಿ. ಸ್ವಂತ ಅಭ್ಯಾಸ ಬೇರೆ.

ಮೊದಲ ಅರ್ಧ ಗಂಟೆ ಶ್ರುತಿಗೆ ಇಡುವುದು ಒಳ್ಳೆಯ ಪದ್ಧತಿ. ಹೊಸ ತಂಡಗಳು ಇಲ್ಲಿ ಒಂದು ಸಂಗತಿ ಗಮನಿಸುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಂತಿಗಳನ್ನು ಶುದ್ಧ ಪಂಚಮಕ್ಕೆ, ಅಂದರೆ 702 ಸೆಂಟ್‌ಗೆ (ಒಂದು ಸ್ಥಾಯಿಗೆ 1200 ಸೆಂಟ್) ಸೇರಿಸಿದರೆ ಚೆಲ್ಲೊ ಸಿ ತಂತಿಯಿಂದ ಪಿಟೀಲಿನ ಇ ತಂತಿಗೆ ನಾಲ್ಕು ಪಂಚಮ ಏರಬೇಕು. ಸ್ಥಾಯಿ ಕಳೆದರೆ ಆ ಅಂತರ 408 ಸೆಂಟ್. ಶುದ್ಧ ಗಾಂಧಾರ 386ರಲ್ಲಿದೆ. 22 ಸೆಂಟ್ ವ್ಯತ್ಯಾಸ, ಸಿ ಮೇಜರ್ ಕಾರ್ಡ್‌ನಲ್ಲಿ ಖಾಲಿ ತಂತಿಗಳು ಸೇರಿದ ಕೂಡಲೇ ಕರ್ಕಶವಾಗಿ ಕೇಳುತ್ತದೆ. ಬೆರಳು ಎಷ್ಟು ಸರಿ ಮಾಡಿದರೂ ಖಾಲಿ ತಂತಿಯನ್ನು ಸರಿಪಡಿಸಲಾಗದು. ಆದ್ದರಿಂದ ಅನುಭವಿ ತಂಡಗಳು ಪಂಚಮಗಳನ್ನು ತಲಾ ಎರಡು ಸೆಂಟಿನಷ್ಟು, ಕೆಲವರು ಸ್ವಲ್ಪ ಹೆಚ್ಚೇ, ಕಿರಿದು ಮಾಡಿಕೊಳ್ಳುತ್ತಾರೆ. ಮೊದಲು ಎಲ್ಲರೂ ಎ ಹೊಂದಿಸಿ, ಆಮೇಲೆ ಚೆಲ್ಲೊ ಮತ್ತು ವಿಯೋಲಾ ತಮ್ಮ ಜಿ, ಸಿ ತಂತಿಗಳನ್ನು ಕೊಂಚ ಮೇಲಕ್ಕೆ ಇಟ್ಟು ಪಿಟೀಲಿನ ಇ ಜೊತೆ ಕೇಳಿ ನೋಡಬೇಕು.

ಕಾರ್ಡ್ ಕಟ್ಟುವಾಗ ಕಂಪನವಿಲ್ಲದೆ, ನಿಧಾನಕ್ಕೆ, ಕೆಳಗಿನಿಂದ ಮೇಲಕ್ಕೆ. ಷಡ್ಜ ನಿಲ್ಲಲಿ, ಪಂಚಮ ಸೇರಲಿ, ಕೊನೆಯಲ್ಲಿ ಗಾಂಧಾರ. ಮೂರನ್ನೂ ಒಟ್ಟಿಗೆ ನುಡಿಸಿ ಯಾರು ತಪ್ಪು ಎಂದು ಹುಡುಕಿದರೆ ಹತ್ತು ನಿಮಿಷ ವ್ಯರ್ಥ. ಮೇಜರ್ ಗಾಂಧಾರ ಹಿಡಿದವರು ಪಿಯಾನೊದಲ್ಲಿ ಇರುವುದಕ್ಕಿಂತ ಸುಮಾರು 14 ಸೆಂಟ್ ಕೆಳಗೆ ಹೋಗಬೇಕು. ಅದೇ ಸ್ವರ ಮುಂದಿನ ಬಾರ್‌ನಲ್ಲಿ (ತಾಳದ ಮುಂದಿನ ಖಂಡದಲ್ಲಿ) ರಾಗದ ನಡೆಯಲ್ಲಿ ಷಡ್ಜದ ಕಡೆ ಏರುವ ಸ್ವರವಾದರೆ ಮೇಲಕ್ಕೆ ಹೋಗಬೇಕು. ಹೀಗಾಗಿ ‘ಈ ಸ್ವರ ಎಷ್ಟು ಎತ್ತರ’ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ, ಆ ಕ್ಷಣದಲ್ಲಿ ಅದು ಯಾರ ಜೊತೆಗಿದೆ ಅನ್ನುವುದೇ ಉತ್ತರ. ಟ್ಯೂನರ್ ಯಂತ್ರವನ್ನು ನಡುವೆ ಇಟ್ಟುಕೊಂಡು ಅಭ್ಯಾಸ ಮಾಡುವ ತಂಡಗಳು ಎಷ್ಟು ಸ್ವಚ್ಛವಾಗಿ ನುಡಿಸಿದರೂ ಒಣಗಿದಂತೆ ಕೇಳುವುದು ಇದಕ್ಕೇ.

ಇಬ್ಬರು ಈ ಕಡೆ, ಇಬ್ಬರು ಆ ಕಡೆ ಆದಾಗ ಮತ ಎಣಿಸಿ ಉಪಯೋಗವಿಲ್ಲ. ಕೆಲಸಕ್ಕೆ ಬರುವ ಕ್ರಮ ಇದು: ವಾದ ಎರಡು ನಿಮಿಷ ಮೀರಿದರೆ ಮಾತು ನಿಲ್ಲಿಸಿ ಎರಡೂ ರೀತಿ ಪೂರ್ತಿ ಮನಸ್ಸಿಟ್ಟು ನುಡಿಸಿ ನೋಡುವುದು. ಅಲ್ಲೂ ತೀರದಿದ್ದರೆ ಇವತ್ತಿನ ಕಚೇರಿ ಒಂದು ರೀತಿ, ನಾಳಿನದು ಇನ್ನೊಂದು ರೀತಿ. ರಾಗ ಹಿಡಿದವರ ಮಾತಿಗೆ ಆ ಜಾಗದಲ್ಲಿ ತೂಕ ಹೆಚ್ಚು. ವೇಗ ಯಾರಿಂದ ಹೊರಡುತ್ತದೋ ಅವರು ಸಾಮಾನ್ಯವಾಗಿ ಒಳಗಿನ ದನಿಗಳು, ಅಂದರೆ ಎರಡನೇ ಪಿಟೀಲು, ವಿಯೋಲಾ. ಎಂಟನೇ ಸ್ವರಗಳ (ಪೂರ್ಣ ಸ್ವರದ ಎಂಟರಲ್ಲೊಂದು ಕಾಲದ ಸ್ವರಗಳ) ಸಾಲು ಇವರ ಕೈಯಲ್ಲಿರುತ್ತದೆ. ಎಮರ್ಸನ್ ತಂಡದಲ್ಲಿ ಯೂಜೀನ್ ಡ್ರಕರ್, ಫಿಲಿಪ್ ಸೆಟ್ಜರ್ ಮೊದಲ ಪಿಟೀಲಿನ ಕುರ್ಚಿಯನ್ನು ಕೃತಿಯಿಂದ ಕೃತಿಗೆ ಬದಲಾಯಿಸಿಕೊಳ್ಳುತ್ತಿದ್ದರು. ಇಬ್ಬರೂ ಎರಡೂ ಜಾಗದ ಕಷ್ಟ ಬಲ್ಲವರಾದ್ದರಿಂದ ಅದು 2023ರವರೆಗೂ ನಡೆಯಿತು. ಎಲ್ಲರಿಗೂ ಒಗ್ಗುವ ಏರ್ಪಾಡಲ್ಲ, ಧ್ವನಿಯ ಸಮತೋಲ ಪ್ರತಿ ಸಲ ಹೊಸದಾಗಿ ಹೊಂದಿಸಬೇಕಾಗುತ್ತದೆ.

ಸದಸ್ಯರ ಆಯ್ಕೆಗೆ ಬಹಿರಂಗ ಜಾಹೀರಾತು ಅಪರೂಪ. ಗುರುಗಳು, ಉತ್ಸವಗಳ ಪರಿಚಯದಿಂದ ಐದಾರು ಹೆಸರು ತೆಗೆದು ಒಬ್ಬೊಬ್ಬರಿಗೂ ಒಂದು ಪೂರ್ತಿ ದಿನ ಕೊಡುತ್ತಾರೆ. ಒಂದು ಹೈಡನ್, ಒಂದು ಬೀಥೋವನ್, ಒಂದು ಬಾರ್ಟೋಕ್ ಮುಂಚೆಯೇ ತಿಳಿಸಿರುತ್ತಾರೆ. ಹೈಡನ್‌ನಲ್ಲಿ ಮುಚ್ಚಿಡಲು ಏನೂ ಇರುವುದಿಲ್ಲ, ಬಾರ್ಟೋಕ್ ಲಯವನ್ನು ಪರೀಕ್ಷಿಸುತ್ತದೆ. ನಿಜವಾಗಿ ನೋಡುವುದು ಬಂದಾಗ ಹೇಗೆ ನುಡಿಸಿದರು ಅನ್ನುವುದಲ್ಲ, ಒಂದು ಸಲಹೆ ಕೊಟ್ಟ ಮೇಲೆ ಎರಡನೇ ಸಲ ಏನು ಬದಲಾಯಿತು ಅನ್ನುವುದು. ಊಟಕ್ಕೆ ಒಟ್ಟಿಗೆ ಕೂರುವುದೂ ಆಯ್ಕೆಯ ಭಾಗವೇ. ವರ್ಷಕ್ಕೆ 80ರಿಂದ 100 ಕಚೇರಿ ಕೊಡುವ ತಂಡವಾದರೆ ಮನೆಯವರಿಗಿಂತ ಹೆಚ್ಚು ಕಾಲ ಇವರ ಜೊತೆ ಕಳೆಯಬೇಕು. ಕೊನೆಗೆ ಇಬ್ಬರನ್ನು ಉಳಿಸಿಕೊಂಡು ತಲಾ ಎರಡು ಮೂರು ಕಚೇರಿ, ಆಮೇಲೆ ಒಂದು ವರ್ಷದ ಪ್ರಾಯೋಗಿಕ ಅವಧಿ. ಬಂದವರಿಗೆ ಮೊದಲ ಋತುವಿನಲ್ಲೇ ಎಂಟೊಂಬತ್ತು ಕೃತಿ ಹೊಸದಾಗಿ ಕಲಿಯುವ ಹೊರೆ, ಹಳಬರಿಗೆ ಅವೇ ಕೃತಿಗಳನ್ನು ಮರೆತು ಮತ್ತೆ ಕಲಿಯುವ ಹೊರೆ. ಹಳೆಯ ಗುರುತುಗಳಿರುವ ಪ್ರತಿ ಕೊಟ್ಟು ‘ಹೀಗೇ ನುಡಿಸು’ ಅಂದರೆ ಒಂದೂವರೆ ವರ್ಷದಲ್ಲಿ ಅವರೂ ಹೊರಟುಹೋಗುತ್ತಾರೆ.

ಐದುಗಾಳಿ

ಮಾತೆಲ್ಲ ತಂತಿವಾದ್ಯದವರದೇ ಆಯಿತು. ಗಾಳಿವಾದ್ಯದ ಕ್ವಿಂಟೆಟ್, ಅಂದರೆ ಕೊಳಲು, ಓಬೊ, ಕ್ಲಾರಿನೆಟ್, ಹಾರ್ನ್, ಬಸೂನ್ ಸೇರಿದ್ದು, ಬೇರೆಯೇ ಬದುಕು. ಇಲ್ಲಿ ಪೂರ್ಣಾವಧಿ ತಂಡ ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಹೆಚ್ಚಿನವರು ಆರ್ಕೆಸ್ಟ್ರಾ ಸಂಬಳದವರು. 1988ರಲ್ಲಿ ಶುರುವಾದ ಬರ್ಲಿನ್ ಫಿಲ್‌ಹಾರ್ಮೋನಿಕ್ ವಿಂಡ್ ಕ್ವಿಂಟೆಟ್ ಹೆಸರೇ ಅದನ್ನು ಹೇಳುತ್ತದೆ. ಕಾರಣ ಕೃತಿಗಳ ಸಂಗ್ರಹ. ಕ್ವಾರ್ಟೆಟ್‌ನವರಿಗೆ ಹೈಡನ್‌ದೇ 68, ಬೀಥೋವನ್ 16, ಶೊಸ್ತಕೋವಿಚ್ 15, ಬಾರ್ಟೋಕ್ 6. ನಮಗೆ ರೈಖಾ 24, ಡಾಂಜಿ 9, ಆಮೇಲೆ ನೇರ 1922ರ ನೀಲ್ಸನ್ ಮತ್ತು ಹಿಂಡೆಮಿತ್, 1953ರ ಲಿಗೆಟಿಯ ಆರು ಬಗಾಟೆಲ್ (ಕಿರು ಕೃತಿಗಳು), 1956ರ ಬಾರ್ಬರ್. ಉಳಿದದ್ದು ಅಳವಡಿಕೆಗಳು, ಹೊಸದಾಗಿ ಬರೆಸಿದ್ದು. ಜೊತೆಗೆ ತುಟಿಯ ದಣಿವು: ಹಾರ್ನ್ ವಾದಕರಿಗೆ 80 ನಿಮಿಷ ಬಿಡುವಿಲ್ಲದ ಕಾರ್ಯಕ್ರಮ ಹಾಕಿದರೆ ಕೊನೆಯ ಕೃತಿಯಲ್ಲಿ ಮೇಲಿನ ಸ್ವರಗಳು ಕೈಕೊಡುತ್ತವೆ. ಆದ್ದರಿಂದ ನಡುವೆ ಹಾರ್ನ್ ಇಲ್ಲದ ಒಂದು ಟ್ರಿಯೊ ಇಟ್ಟು ಕಾರ್ಯಕ್ರಮ ಕಟ್ಟುತ್ತಾರೆ.

ಕಲಿಕೆಯೂ ತಡ. ಓಬೊ, ಬಸೂನ್, ಹಾರ್ನ್ ಹತ್ತು ಹನ್ನೆರಡರ ಮೇಲೆಯೇ, ಮುಂದಿನ ಶಾಶ್ವತ ಹಲ್ಲು ಬಂದು ಬೆರಳು ಚಾಚುವಷ್ಟಾದಾಗ.

ಪಿಯಾನೊದವರಿಗೆ ತೊಂದರೆ ಇನ್ನೊಂದು. ಪ್ರತಿ ಊರಲ್ಲೂ ಬೇರೆ ವಾದ್ಯ. ಟ್ರಿಯೊ ಒಪ್ಪಂದದಲ್ಲಿ ಪಿಯಾನೊದ ಅಳತೆ, ಕಚೇರಿಯ ದಿನವೇ ಶ್ರುತಿ ಮಾಡಿಸುವುದು, ಎ ಸ್ವರ 440 ಅಥವಾ 442 ಹರ್ಟ್ಜ್ ಎಂಬುದು ಬರೆದಿರಲೇಬೇಕು. ಬರೆಯದಿದ್ದರೆ ವೇದಿಕೆ ಹತ್ತಿದ ಮೇಲೆ ಪಿಟೀಲು, ಚೆಲ್ಲೊ ತಮ್ಮ ಶ್ರುತಿಯನ್ನೇ ಎಳೆದಾಡಬೇಕಾಗುತ್ತದೆ.

ಒಳದನಿ

ಸ್ಪರ್ಧೆಯ ಮಾತು ಬಿಟ್ಟುಹೋಗಿತ್ತು. ಮುಖ್ಯವಾದವು ಲಂಡನ್ನಿನ ವಿಗ್ಮೋರ್ ಹಾಲ್ ಸ್ಪರ್ಧೆ (1979ರಲ್ಲಿ ಯೆಹೂದಿ ಮೆನುಹಿನ್ ಆರಂಭಿಸಿದ್ದು), ಕೆನಡಾದ ಬ್ಯಾನ್ಫ್ (1983ರಿಂದ), ಎರಡೂ ಮೂರು ವರ್ಷಕ್ಕೊಮ್ಮೆ. ಇಟಲಿಯ ರೆಜಿಯೊ ಎಮಿಲಿಯಾದಲ್ಲಿ ಪಾವೊಲೊ ಬೊರ್ಚಾನಿ ಹೆಸರಿನದು. ಮ್ಯೂನಿಕ್‌ನ ಎಆರ್‌ಡಿಯಲ್ಲಿ ಕ್ವಾರ್ಟೆಟ್ ವಿಭಾಗ ಪ್ರತಿ ವರ್ಷ ಇರುವುದಿಲ್ಲ, 2004ರಲ್ಲಿ ಎಬೆನ್ ಕ್ವಾರ್ಟೆಟ್ ಗೆದ್ದು ಬೆಳಕಿಗೆ ಬಂದದ್ದು ಅಲ್ಲೇ. ವಯಸ್ಸಿನ ಮಿತಿ ಇರುತ್ತದೆ, ಕೆಲವು ಕಡೆ ಒಬ್ಬೊಬ್ಬರಿಗೆ, ಕೆಲವು ಕಡೆ ನಾಲ್ವರ ಒಟ್ಟು ವಯಸ್ಸಿಗೆ. ಮೂರು ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಗೆ ಒಂದು ತಂಡಕ್ಕೆ ಸಿಗುವುದು ಎರಡು ಅವಕಾಶ, ಹೆಚ್ಚೆಂದರೆ. ಆದ್ದರಿಂದ ತಂಡ ಕಟ್ಟಿದ ದಿನವೇ ಮುಂದಿನ ಆರು ವರ್ಷದ ಸ್ಪರ್ಧೆಗಳ ದಿನಾಂಕ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು. ಸ್ಪರ್ಧೆಯಲ್ಲಿ ನುಡಿಸಬೇಕಾದದ್ದು ಸಾಮಾನ್ಯವಾಗಿ ಹೈಡನ್ ಒಂದು, ಬೀಥೋವನ್ ಒಂದು, ರೊಮ್ಯಾಂಟಿಕ್ ಕಾಲದ್ದು ಒಂದು, 20ನೇ ಶತಮಾನದ್ದು ಒಂದು, ಜೊತೆಗೆ ಸ್ಪರ್ಧೆಗೆಂದೇ ಬರೆಸಿದ ಹೊಸ ಕೃತಿ. ಹೊಸ ಕೃತಿಯ ಪ್ರತಿ ತಡವಾಗಿ ಕೈಗೆ ಬರುತ್ತದೆ. ಉಳಿದದ್ದೆಲ್ಲ ಆ ಹೊತ್ತಿಗೆ ಬೆರಳಲ್ಲಿ ಕೂತಿರದಿದ್ದರೆ ಹೊಸದಕ್ಕೆ ಸಮಯವೇ ಸಿಗದು.

ಗೆದ್ದವರಿಗಿಂತ ಚೆನ್ನಾಗಿ ಬಾಳಿದ ಎರಡನೇ ಬಹುಮಾನದವರು ಎಷ್ಟೋ. ಬಹುಮಾನದ ಹಣಕ್ಕಿಂತ ಅದರ ಜೊತೆ ಬರುವ ಕಚೇರಿ ಪ್ರವಾಸ ಇದೆಯೇ, ಎಷ್ಟು ಕಚೇರಿ, ಖರ್ಚು ಯಾರದು ಎಂದು ನೋಡಿ ಅರ್ಜಿ ಹಾಕಬೇಕು. ಬಿಬಿಸಿಯ ನ್ಯೂ ಜನರೇಶನ್ ಆರ್ಟಿಸ್ಟ್ಸ್ ಯೋಜನೆ 1999ರಿಂದ ಇದೆ. ಅದು ಸ್ಪರ್ಧೆಯಲ್ಲ, ಎರಡು ವರ್ಷಗಳ ಕಾಲ ಧ್ವನಿಮುದ್ರಣ, ಪ್ರಸಾರದ ಅವಕಾಶ ಕೊಡುತ್ತದೆ. ಒಂದು ಬಹುಮಾನಕ್ಕಿಂತ ಅದು ದೂರ ಒಯ್ಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕಪುಸ್ತಕ

ಒಡೆಯುವ ವಿಚಾರಕ್ಕೆ ಒಂದು ಪ್ರಕರಣ ಎಲ್ಲ ವಿದ್ಯಾರ್ಥಿಗಳೂ ಓದಬೇಕು. ಅಮೆರಿಕದ ಆಡುಬನ್ ಕ್ವಾರ್ಟೆಟ್‌ನಲ್ಲಿ 2000ದಲ್ಲಿ ಮೂವರು ಸೇರಿ ಮೊದಲ ಪಿಟೀಲಿನವರನ್ನು ತೆಗೆದುಹಾಕಿದರು. ಅವರು ನ್ಯಾಯಾಲಯಕ್ಕೆ ಹೋದರು. ಪೆನ್ಸಿಲ್ವೇನಿಯಾದ ನ್ಯಾಯಾಲಯ ತಂಡದ ಆಸ್ತಿಯಲ್ಲಿ ಅವರ ಪಾಲೆಂದು ಲಕ್ಷಗಟ್ಟಲೆ ಡಾಲರ್ ಕೊಡಬೇಕೆಂದು 2001ರಲ್ಲಿ ತೀರ್ಪಿತ್ತಿತು. ಉಳಿದವರ ವಾದ್ಯಗಳೇ ಹರಾಜಾಗುವ ಸ್ಥಿತಿ ಬಂದಿತ್ತು. ವರ್ಷಗಟ್ಟಲೆ ಎಳೆದಾಡಿದ ಮೇಲೆ ರಾಜಿಯಾಯಿತು.

ಎಲ್ಲರೂ ಸ್ನೇಹದಲ್ಲಿರುವಾಗಲೇ ಎರಡು ಪುಟದ ಒಪ್ಪಂದ ಬರೆದು ಸಹಿ ಹಾಕಿ. ತಂಡದ ಹೆಸರು ಯಾರದು. ಒಬ್ಬರು ಹೊರಟರೆ ಉಳಿದವರು ಅದೇ ಹೆಸರು ಬಳಸಬಹುದೇ. ಬಿಡಲು ಎಷ್ಟು ತಿಂಗಳ ಮುನ್ಸೂಚನೆ. ದಿನಗಳು 18 ತಿಂಗಳು ಮೊದಲೇ ಗೊತ್ತಾಗಿರುವುದರಿಂದ ಮೂರು ತಿಂಗಳು ಸಾಲದು, ಕನಿಷ್ಠ ಒಂದು ಋತು ಬೇಕು. ತೆಗೆಯುವುದಾದರೆ ಮೂವರೂ ಒಪ್ಪಬೇಕೇ, ಇಬ್ಬರು ಸಾಕೇ, ಮತ್ತು ಮೊದಲೊಂದು ಲಿಖಿತ ಎಚ್ಚರಿಕೆ ಬೇಕೇ. ಹೆರಿಗೆ, ಕೈನೋವು, ಶಸ್ತ್ರಚಿಕಿತ್ಸೆಯ ರಜೆಯಲ್ಲಿ ಬದಲಿ ವಾದಕರ ಸಂಭಾವನೆ ಯಾರ ಪಾಲಿನಿಂದ. ಹಳೆಯ ಧ್ವನಿಮುದ್ರಣದ ರಾಯಧನ ಹೊರಟವರಿಗೂ ಬರುತ್ತದೆಯೇ. ಪ್ರತಿ ಕಚೇರಿಯಿಂದ 5ರಿಂದ 10 ಶೇಕಡಾ ಸಾಮಾನ್ಯ ನಿಧಿಗೆ ಹಾಕುವ ಪದ್ಧತಿ ಇದ್ದರೆ ಆ ನಿಧಿಯ ಪಾಲಿನ ಲೆಕ್ಕವೂ ಇರಲಿ.

ಎರವಲು ಪಡೆದ ವಾದ್ಯಗಳಿದ್ದರೆ ಇನ್ನೊಂದು ಷರತ್ತು ಸೇರಿಸಿ. ನಿಪ್ಪಾನ್ ಮ್ಯೂಸಿಕ್ ಫೌಂಡೇಶನ್ ಬಳಿ ಒಮ್ಮೆ ಪಗನೀನಿಯದ್ದಾಗಿದ್ದ ನಾಲ್ಕು ಸ್ಟ್ರಾಡಿವೇರಿಯಸ್ ವಾದ್ಯಗಳ ಗುಂಪಿದೆ. ಟೋಕಿಯೊ ಕ್ವಾರ್ಟೆಟ್ 1995ರಿಂದ 2013ರಲ್ಲಿ ನಿಲ್ಲುವವರೆಗೆ ಅವನ್ನೇ ನುಡಿಸಿತು. ಅಂಥ ಎರವಲು ತಂಡಕ್ಕೆ, ವ್ಯಕ್ತಿಗಲ್ಲ. ಒಬ್ಬರು ಬಿಟ್ಟ ದಿನ ಅವರ ಕೈಯಲ್ಲಿ ಸ್ವಂತ ವಾದ್ಯ ಇರಬೇಕು. ಹತ್ತು ವರ್ಷ ಮಹಾವಾದ್ಯ ನುಡಿಸಿ ಸ್ವಂತದ್ದಕ್ಕೆ ಹಣ ಕೂಡಿಡದವರು ಆಗ ಕಷ್ಟಕ್ಕೆ ಸಿಕ್ಕುತ್ತಾರೆ.

ಗಂಟುಮೂಟೆ

ಪ್ರವಾಸದ ಭಾಗ ಚಿಕ್ಕದಾಗಿ ಸೇರಿಸುತ್ತೇನೆ. ಚೆಲ್ಲೊ ಸೀಟನ್ನು ಜಾಲತಾಣದಲ್ಲಿ ಇನ್ನೊಬ್ಬ ಪ್ರಯಾಣಿಕರ ಹೆಸರು ಕೊಟ್ಟು ಕಾಯ್ದಿರಿಸಬೇಡಿ, ವಿಮಾನ ಸಂಸ್ಥೆಗೆ ಕರೆ ಮಾಡಿ ಸಿಬಿಬಿಜಿ ಎಂಬ ಸಂಕೇತದಲ್ಲಿ ಕ್ಯಾಬಿನ್ ಸಾಮಾನಿನ ಸೀಟಾಗಿ ಮಾಡಿಸಿ, ದೃಢೀಕರಣ ಮುದ್ರಿಸಿ ಒಯ್ಯಿರಿ. ಕಿಟಕಿ ಪಕ್ಕದ ಸೀಟು, ತುರ್ತು ನಿರ್ಗಮನದ ಸಾಲು ಬೇಡ, ಬೆಲ್ಟ್ ಉದ್ದ ಮಾಡುವ ಪಟ್ಟಿಯನ್ನು ಹತ್ತುವಾಗಲೇ ಕೇಳಿ. ಸಣ್ಣ ವಿಮಾನಕ್ಕೆ ಬದಲಾಯಿಸುವ ಮಾರ್ಗದಲ್ಲಿ ಎರಡನೇ ವಿಮಾನದ ಮಾದರಿಯನ್ನೂ ವಿಚಾರಿಸಿ. ಮೊದಲ ಹಂತದಲ್ಲಿ ಸಲೀಸಾಗಿ ಹೋದ ಚೆಲ್ಲೊ ಎರಡನೆಯದರಲ್ಲಿ ಬಾಗಿಲಲ್ಲೇ ನಿಂತುಬಿಡುತ್ತದೆ. ಕಚೇರಿಯ ದಿನ ಬೆಳಿಗ್ಗೆ ಹೊರಡುವ ಪ್ರಯಾಣ ಬೇಡವೇ ಬೇಡ, ಹಿಂದಿನ ದಿನವೇ ತಲುಪುವ ಷರತ್ತು ಒಪ್ಪಂದದಲ್ಲಿರಲಿ.

ಪೆಟ್ಟಿಗೆಯೊಳಗೆ ತೇವಾಂಶ 40ರಿಂದ 60 ಶೇಕಡಾ ನಡುವೆ ಇರಬೇಕು. ಚಳಿಗಾಲದ ಬಿಸಿಗಾಳಿಯ ಹೋಟೆಲ್ ಕೋಣೆಯಲ್ಲಿ ಅದು ಬಹಳ ಇಳಿಯುತ್ತದೆ, ಅಂಟು ಬಿಡುತ್ತದೆ, ಗೂಟಗಳು ಜಾರುತ್ತವೆ. ಸ್ನಾನದ ಕೋಣೆಯ ಬಾಗಿಲು ತೆರೆದಿಡುವುದರ ಜೊತೆಗೆ ಪೆಟ್ಟಿಗೆಯಲ್ಲಿ ತೇವದ ಕೊಳವೆ ಇಡಿ.

ಹಳೆಯ ಕಮಾನುಗಳ ತುದಿಯಲ್ಲಿ ಆನೆದಂತ ಇದ್ದರೆ ಗಡಿಯಲ್ಲಿ ಜಪ್ತಿಯಾಗಬಹುದು. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದಡಿ ಸಂಗೀತವಾದ್ಯ ಪ್ರಮಾಣಪತ್ರ ಸಿಗುತ್ತದೆ, ಮೂರು ವರ್ಷ ಚಾಲ್ತಿ, ಆದರೆ ಪ್ರತಿ ಗಡಿಯಲ್ಲೂ ಮುದ್ರೆ ಹಾಕಿಸಬೇಕು, ಅದಕ್ಕೆ ಗೊತ್ತುಮಾಡಿದ ನಿಲ್ದಾಣಗಳಲ್ಲೇ ಇಳಿಯಬೇಕು. ಪ್ರವಾಸಕ್ಕೆ ಬಳಸುವ ಕಮಾನಿನ ತುದಿಯನ್ನು ಕಮಾನು ತಯಾರಕರ ಬಳಿ ಮೂಳೆ ಅಥವಾ ಕೃತಕ ವಸ್ತುವಿಗೆ ಬದಲಾಯಿಸಿಕೊಂಡು, ಏನು ಹಾಕಿದ್ದಾರೆಂದು ಅವರ ಸಹಿಯ ಚೀಟಿ ಪಡೆಯುವುದೇ ಸುಲಭ. ಚೀಟಿ ಇಲ್ಲದಿದ್ದರೆ ಮೂಳೆಯೋ ದಂತವೋ ಎಂದು ಸುಂಕದ ಅಧಿಕಾರಿ ಬರೀ ಕಣ್ಣಲ್ಲಿ ಹೇಳಲಾರರು. ನಾಲ್ವರ ಎಲ್ಲ ಕಮಾನು, ವಾದ್ಯಗಳ ಫೋಟೊ, ಅಳತೆ, ವಿಮಾ ಮೌಲ್ಯ ಒಂದೇ ಕಡತದಲ್ಲಿ ಇಟ್ಟು ಪ್ರತಿ ಸದಸ್ಯರ ಬಳಿಯೂ ಒಂದೊಂದು ಪ್ರತಿ ಇರಲಿ.